ಹತ್ತೊಂಬತ್ತನೇ ತಾರೀಕಿನ ಸೊಪ್ಪು

ಆಗ ನನಗೆ ಅರವತ್ತೆಂಟು. ಮೂರು ವರ್ಷದ ಹಿಂದಿನ ಮಾತು. ಪರಿಗಿ ಹತ್ತಿರದ ನಮ್ಮೂರಿನಿಂದ ಹಿಂದೂಪುರದ ಕಾಲೇಜಿಗೆ ಹೋಗುತ್ತಿದ್ದ ಮೊಮ್ಮಗಳಿಗೆ ಒಂದು ಪ್ರಾಜೆಕ್ಟ್ ಕೊಟ್ಟಿದ್ದರು. ನೆಟ್ಟಿನಲ್ಲಿ ಹಾಳೆಯಂತೆ ಬರೆಯುವುದು ಒಂದಂತೆ, ಚೌಕ ಚೌಕವಾಗಿ ತುಂಬುವುದು ಇನ್ನೊಂದಂತೆ. ಓದುವ ಮಕ್ಕಳಿಗೆ ಯಾವುದು ಒಳ್ಳೆಯದೆಂದು ಹೋಲಿಸಿ ಬರೆಯಬೇಕು. ಸೋಮವಾರ ಕೊಡದಿದ್ದರೆ ಅಂಕವಿಲ್ಲ.

ಪ್ರಾಜೆಕ್ಟಿನಲ್ಲಿ ಅವಳ ಜೊತೆಗಾತಿ ಭಾನುವಾರಕ್ಕೆಂದು ತನ್ನೂರು ಕಲ್ಯಾಣದುರ್ಗಕ್ಕೆ ಹೋಗಿದ್ದಳು. ಒಂದೇ ಸಂಗತಿಯನ್ನು ಎರಡರಲ್ಲೂ ತುಂಬಿ ನೋಡೋಣವೆಂದು ಇಬ್ಬರೂ ನನ್ನ ರೇಷ್ಮೆಹುಳದ ಬೆಳೆಯನ್ನು ಹಿಡಿದುಕೊಂಡರು. ಯಾವ ದಿನ ಎಷ್ಟು ಸಲ ಸೊಪ್ಪು ಹಾಕಿದೆ, ಹುಳ ಯಾವಾಗ ಜ್ವರಕ್ಕೆ, ಅಂದರೆ ಪೊರೆ ಬಿಡಲು ಕೂತವು ಎಂದು ನೆನಪಾದ ಹಾಗೆ ಹಿಂದುಮುಂದಾಗಿ ಹೇಳಿದೆ. ಮೊಮ್ಮಗಳು ಹಾಳೆಯದರಲ್ಲಿ ಬರೆದುಕೊಂಡಳು. ನಾನು ಓದಿದ್ದು ಮೂರನೇ ಕ್ಲಾಸು. ಅಂಕಿ ಮಾತ್ರ ಬಿಡುವುದಿಲ್ಲ.

ನೋಡುತ್ತಿದ್ದಂತೆ ಫೋನಿನಲ್ಲಿ ಚೌಕಗಳೊಳಗೆ ಅಂಕಿಗಳು ತಾವೇ ಬಂದು ಕೂರತೊಡಗಿದವು.

"ಯಾರೇ ಅದು, ನೀನು ಮುಟ್ಟದೇನೆ ಬರೀತಿರೋದು?"

"ಕಲ್ಯಾಣದುರ್ಗದವಳು ಕಣಜ್ಜಿ. ಅಲ್ಲಿ ಬರೆದ್ರೆ ಇಲ್ಲಿ ಕಾಣ್ತದೆ."

"ಅಂದ್ರೆ ಅಲ್ಲಿಂದ ಅಳಿಸಲೂಬೌದು."

"ಅವಳ್ಯಾಕೆ ಅಳಿಸ್ತಾಳೆ?"

"ಬಾಗಿಲು ತೆಗೆದಿಟ್ಟು ಯಾರು ಬತ್ತಾರೆ ಅಂತೀಯಲ್ಲ."

ಸಂಜೆಗೆ ಮುಗಿಸಿ ತಂದು ತೋರಿಸಿದಳು. "ಚೌಕದ್ದೇ ವಾಸಿ ಅಂತ ಬರೆದ್ಬುಟ್ಟೆ. ತಾರೀಕೆಲ್ಲ ಹೆಂಗೆ ವರಸೆಯಾಗಿ ಕೂತವೆ ನೋಡು."

ಬೆರಳಿಟ್ಟುಕೊಂಡು ಇಳಿದೆ. ಹತ್ತೊಂಬತ್ತರ ಎದುರು ನಾಲ್ಕು ಸಲ ಸೊಪ್ಪು.

"ನಾಕನೇ ಜ್ವರ ಹತ್ತೊಂಬತ್ತಕ್ಕೆ ಕಣೇ. ಜ್ವರಕ್ಕೆ ಕೂತ ಹುಳಕ್ಕೆ ಸೊಪ್ಪು ಹಾಕೋಕೆ ನಂಗೇನು ತಲೆ ಕೆಟ್ಟಿತ್ತಾ?"

"ನಿಂಗೆ ಮರೆತೋಗೈತೆ ಬಿಡಜ್ಜಿ."

"ತಲೆ ಎತ್ಕೊಂಡು ಕಲ್ಲಿನಂಗೆ ಕೂತಿರ್ತವೆ, ಬಾಯೇ ತೆಗೆಯಲ್ಲ. ಮರೆಯೋಕೇನೈತೆ? ಆ ಹಾಳೆದು ತೆಗೆದು ಓದು."

ತೆಗೆದಳು. ಹತ್ತೊಂಬತ್ತು, ಸೊಪ್ಪಿಲ್ಲ. ಅವಳ ಮುಖ ಇಳಿಯಿತು. ಕೂಡಲೇ ಜೊತೆಗಾತಿಗೆ ಫೋನು.

"ಅವ್ವಾ, ತಾರೀಕು ನೇನೇ ಸರಿ ಚೇಶಾ!" ಅಂದಳು ಆ ಹುಡುಗಿ ತೆಲುಗಿನಲ್ಲಿ, ಸರಿಮಾಡಿದ್ದು ತಾನೇ ಎಂದು, ಬಹುಮಾನ ಕೇಳುವವಳಂತೆ. ನಾನು ಹಿಂದುಮುಂದಾಗಿ ಹೇಳಿದ್ದ ತಾರೀಕುಗಳನ್ನು ಅವಳು ಸಾಲಾಗಿ ಜೋಡಿಸಿದ್ದಳು. ತಾರೀಕುಗಳು ಜರುಗಿದವು, ಪಕ್ಕದ ಸೊಪ್ಪಿನ ಲೆಕ್ಕ ಇದ್ದಲ್ಲೇ ಕೂತಿತ್ತು. ಕೆಡಿಸಬೇಕೆಂದಲ್ಲ, ಓರಣ ಮಾಡಲು ಹೋಗಿ ಕೆಡಿಸಿದ್ದಳು. ಹುಳಕ್ಕೆ ಎರಡೂ ಒಂದೇ.

ಹಾಳೆಯನ್ನು ನೋಡಿಕೊಂಡು ಚೌಕಗಳನ್ನು ಸರಿಮಾಡಿದರು. ಮೊಮ್ಮಗಳು ಕೊನೆಯ ಮಾತನ್ನು ಬದಲಿಸಲು ಹಿಂಜರಿದಳು.

"ತಪ್ಪಾಯ್ತು ಅಂತ ಬರೆದ್ರೆ ಮೇಡಂ ನಗ್ತಾರಜ್ಜಿ."

"ನಗ್ಲಿ. ಆಗಿದ್ದನ್ನ ಬರಿ. ನಾಳೆ ಇನ್ನೊಬ್ಳು ಮಾಡ್ಕೊತಾಳೆ ಇದನ್ನೇ."

ಬರೆದಳು. ಎರಡಕ್ಕೂ ಒಂದೊಂದು ಗುಣ, ಆದರೆ ಚೌಕದ್ದರಲ್ಲಿ ತಪ್ಪು ಕೂಡ ಅಚ್ಚುಕಟ್ಟಾಗಿ ಕಾಣುತ್ತದೆ ಎಂದು. ಬರೆದೆನೆಂದು ಅವಳು ಹೇಳಿದ್ದಷ್ಟೇ. ಇನ್ಯಾರ ಬೆರಳು ಅದರೊಳಗೆ ಇದೆಯೋ ನನಗೇನು ಗೊತ್ತು?

ಮರುದಿನ ಬೆಳಿಗ್ಗೆ ಅವಳ ಜೊತೆ ಹಿಂದೂಪುರದ ಬಸ್ಸು ಹತ್ತಿದೆ. ಜೆರಾಕ್ಸ್ ಅಂಗಡಿಯಲ್ಲಿ ಹಾಳೆಗಳು ಬಿಸಿಯಾಗಿ ಹೊರಬಂದವು. ಹತ್ತೊಂಬತ್ತರ ಎದುರು ಸೊನ್ನೆಯನ್ನು ಕಣ್ಣಾರೆ ನೋಡಿದ ಮೇಲೆಯೇ ಪಿನ್ನು ಹೊಡೆಯಲು ಬಿಟ್ಟೆ.