‘ಅತ್ತೆ’ ಕರೆದರೆ ‘ಸೊಸೆ’ ಓಗೊಡಲಿಲ್ಲ

ಊಟದ ಮೇಜಿನಲ್ಲಿ ಕಿಟಕಿ ಕಡೆಯ ತುದಿ ಸೊಸೆಯದು. ಅಲ್ಲಿರುವ ಒಂದೇ ಕಂಪ್ಯೂಟರಿನ ಹೊಟ್ಟೆಯಲ್ಲಿ ಇನ್ನೆರಡು ಕಂಪ್ಯೂಟರುಗಳಿವೆ ಎಂದು ಅವಳು ಹೇಳಿದಾಗ ಅತ್ತೆ ಮೊದಲು ನಂಬಿರಲಿಲ್ಲ. ಕೈಗೆ ಸಿಗದೆ ತೆರೆಯ ಮೇಲಷ್ಟೇ ಬದುಕುವ ಯಂತ್ರಗಳವು. ಒಂದು ಕರೆಯಬೇಕು, ಇನ್ನೊಂದು ಓಗೊಡಬೇಕು. ಆ ಮಾತನ್ನು ಸಾಗಿಸುವ ಪ್ರೋಗ್ರಾಂ ಬರೆಯುವುದೇ ಸೊಸೆಯ ಕೆಲಸ. ತಪ್ಪಾದರೆ ಒಳಗಿನ ಯಂತ್ರ ಮಲಗುತ್ತದೆ, ಹೊರಗಿನದಕ್ಕೆ ಕೂದಲೂ ಕೊಂಕುವುದಿಲ್ಲ. ಕರೆಯುವುದಕ್ಕೆ ‘ಅತ್ತೆ’ ಎಂದೂ ಓಗೊಡುವುದಕ್ಕೆ ‘ಸೊಸೆ’ ಎಂದೂ ಅವಳೇ ಹೆಸರಿಟ್ಟಿದ್ದಳು.

ಹೊಸ ‘ಸೊಸೆ’ಯನ್ನು ಮಾಡಿಕೊಂಡ ವಾರದಿಂದ ‘ಅತ್ತೆ’ ಎಷ್ಟು ಕರೆದರೂ ಉತ್ತರವಿಲ್ಲ.

“ಮನೆ ಸಂಗತೀನೆಲ್ಲ ಅದಕ್ಕೂ ಕಲಿಸಿಬಿಟ್ಯೇನಮ್ಮ?” ಎಂದು ಅತ್ತೆ ಬಟ್ಟೆ ಮಡಚುತ್ತಾ ಕೆಣಕಿದರು.

ಸೊಸೆ ನಗಲಿಲ್ಲ. ಮರುದಿನ ಬೆಳಗಾಗುವುದರೊಳಗೆ ಸರಿಹೋಗದಿದ್ದರೆ ಅವಳ ವರ್ಷದ ಬರಹ ಕೈಬಿಟ್ಟು ಹಳೆಯದನ್ನೇ ಉಳಿಸಿಕೊಳ್ಳುವುದಾಗಿ ಮೇಲಿನವರು ಹೇಳಿದ್ದರು. ಗಾಬರಿಯಲ್ಲಿ ಅಲ್ಲಿ ಇಲ್ಲಿ ಕಿತ್ತು ಬರೆದು, ಚೆನ್ನಾಗಿದ್ದದ್ದನ್ನೂ ಕೆಡಿಸಿದ್ದಳು.

ಅತ್ತೆಯ ಒತ್ತಾಯಕ್ಕೆ ಸಂಜೆ ಗೊಣಗಪ್ಪನಿಗೆ ಫೋನ್ ಮಾಡಿದಳು. ಅವಳಿಗೆ ಕೆಲಸ ಕಲಿಸಿದ ಹಿರಿಯ ಅವನು. ಗಂಗೆ ಹರಿದಂತೆ ಗೊಣಗುವುದರಿಂದ ಆ ಹೆಸರು. ಮೊದಲೇ ಕೇಳಬಾರದಿತ್ತೇ ಎಂದು ಹೊಟ್ಟೆ ತುಂಬ ಬೈದು, ಆಮೇಲೆ ಕೇಳಿದ:

“ಎರಡನ್ನೂ ಬೇರೆ ಬೇರೆ ಮಾಡಿದ್ಯಾ, ಒಂದರದ್ದು ನಕಲು ತೆಗೆದ್ಯಾ?”

“ನಕಲು.”

“ಎರಡರ ನೆಟ್‌ವರ್ಕ್ ಕಾರ್ಡಿನ ವಿಳಾಸ ಓದು.”

ಓದುತ್ತಾ ಅವಳ ದನಿ ಇಳಿಯಿತು. ಯಂತ್ರದ ಜೊತೆ ವಿಳಾಸವೂ ನಕಲಾಗಿತ್ತು. ಎರಡು ಮನೆಗೆ ಒಂದೇ ಬಾಗಿಲ ಸಂಖ್ಯೆಯಿದ್ದರೆ ಅಂಚೆಯವನಾದರೂ ಏನು ಮಾಡಿಯಾನು? ವಿಳಾಸ ನೋಡಿ ಮಾತು ದಾಟಿಸಬೇಕಾದ ನಡುವಿನ ಸ್ವಿಚ್ಚು ಬಂದದ್ದನ್ನೆಲ್ಲ ಬಿಸಾಡುತ್ತಿತ್ತು. ಅವಳ ಬರಹದಲ್ಲಿ ತಪ್ಪೇ ಇರಲಿಲ್ಲ.

“ಆದ್ರೆ ಅದನ್ನ ಹಾಳು ಮಾಡ್ಬಿಟ್ಟೆ ಸರ್.”

“ಕೈಹಾಕೋಕೆ ಮುಂಚೆ ಯಂತ್ರನ ಇದ್ದ ಹಾಗೇ ಹಿಡಿದಿಡು ಅಂತ ಬಾಯಿ ನೋಯೋ ತನಕ ಹೇಳಿದ್ನಲ್ಲ. ಇಟ್ಟಿದ್ಯಾ?”

ಇಟ್ಟಿದ್ದಳು. ಅವನ ಬೈಗುಳಕ್ಕೆ ಹೆದರಿ ಬಂದ ಅಭ್ಯಾಸ. ಯಂತ್ರಗಳನ್ನು ಬರಹದ ಸಮೇತ ಆ ಹಳೆಯ ಸ್ಥಿತಿಗೆ ಮರಳಿಸಿ, ‘ಸೊಸೆ’ಗೆ ಬೇರೆ ವಿಳಾಸ ಕೊಟ್ಟು ಕರೆದಳು. ತೆರೆಯ ಮೇಲೆ ಉತ್ತರಗಳು ಇರುವೆ ಸಾಲಿನಂತೆ ಬಂದವು.

ತಮ್ಮ ಗಂಡ ತೀರಿಕೊಂಡ ಮೇಲೆ ಆ ಮನೆಯಲ್ಲಿ ಕರೆದರೆ ಓಗೊಡುವವರಿಲ್ಲದ ಕಾಲವನ್ನು ಅತ್ತೆ ಕಂಡಿದ್ದರು. ಆ ಮೌನ ಮುರಿದದ್ದು ಈ ಹುಡುಗಿ. ಅವಳ ಮುಖ ಅರಳಿದ್ದು ನೋಡಿ, ಫೋನ್ ಇಸಿದುಕೊಂಡರು.

“ನೀವು ಹೀಗೇ ಗೊಣಗ್ತಾ ನೂರು ವರ್ಷ ಬಾಳಿ.”

“ನೂರು ವರ್ಷ ಇವಳ ತಪ್ಪು ಹುಡುಕ್ಬೇಕಾ?” ಎಂದು ಆ ಕಡೆಯಿಂದ ಗೊಣಗಾಟ ಕೇಳಿತು.

ಬೆಳಿಗ್ಗೆ ಅವಳ ಬರಹ ಒಪ್ಪಿಗೆಯಾಯಿತು. ಅಂದೇ ಅವಳು ಮೂರನೆಯ ಯಂತ್ರ ಮಾಡಿ ‘ಗೊಣಗಪ್ಪ’ ಎಂದು ಹೆಸರಿಟ್ಟಳು. ನಕಲು ತೆಗೆಯಲಿಲ್ಲ, ಮೊದಲಿನಿಂದ, ಅದರದ್ದೇ ವಿಳಾಸ ಕೊಟ್ಟು ಮಾಡಿದಳು.