ಮಲಗಿ ನೋಡುವ ಇಂಜಿನಿಯರು

ಪೇಟೆ ಬೀದಿಯ ಹಳೇ ಕಟ್ಟಡಗಳಲ್ಲಿ ವರ್ಷಗಟ್ಟಲೆ ಖಾಲಿ ಬಿದ್ದಿರುವ ಮೇಲ್ಮಹಡಿಗಳನ್ನು ಬಾಡಿಗೆ ಮನೆ ಮಾಡಬೇಕಾದರೆ ನಗರಸಭೆಯ ಈ ಇಂಜಿನಿಯರು ಒಪ್ಪಬೇಕು. ಅವರು ಒಪ್ಪಬೇಕಾದರೆ ಮೊದಲು ಪ್ರತಿ ಕೋಣೆಯಲ್ಲೂ ಒಮ್ಮೆ ಮಲಗಬೇಕು. ಬೇರೆಯವರು ಟೇಪು ಹಿಡಿದು ಅಳೆದು ಹೋಗುತ್ತಾರೆ. ಇವರು ಚಪ್ಪಲಿ ಬಿಟ್ಟು, ಕನ್ನಡಕ ತೆಗೆದು, ಪಾರಿವಾಳದ ಹಿಕ್ಕೆಯನ್ನು ಅತ್ತ ಸರಿಸಿ, ಧೂಳು ನೆಲದ ಮೇಲೆ ಅಂಗಾತ ಮಲಗಿಬಿಡುತ್ತಾರೆ. "ಮನೆ ಅಂದ್ರೆ ನಿಂತು ನೋಡೋದಲ್ಲ ಸ್ವಾಮಿ, ಬಿದ್ಕೊಂಡು ನೋಡೋದು" ಎಂಬುದು ಅವರ ಮಾತು. ಅಂಗಿಯ ಬೆನ್ನಿಗೆ ಮೆತ್ತಿದ ಧೂಳು ಕೆಂಪಾದರೆ ಹೆಂಚಿನ ಮಾಡು, ಬಿಳಿಯಾದರೆ ಗಾರೆಯದು ಎಂದು ಹೆಂಡತಿ ಮನೆಯಲ್ಲಿ ಕೂತೇ ಹೇಳಬಲ್ಲರು. ಒಮ್ಮೆ ಇವರು ಹಾಗೆ ಮಲಗಿದಲ್ಲೇ ಗೊರಕೆ ಹೊಡೆದದ್ದೂ ಉಂಟು. ಆ ಕೋಣೆಗೆ ಮರುಮಾತಿಲ್ಲದೆ ಒಪ್ಪಿಗೆ ಸಿಕ್ಕಿತು. ಮೊನ್ನೆ ಮಾಲೀಕನೊಬ್ಬ ಕಿಟಕಿಯೇ ಇಲ್ಲದ ಹಳೇ ದಾಸ್ತಾನು ಕೋಣೆ ತೋರಿಸಿ, "ಒಂಟಿ ಮುದುಕರಿಗೆ ಕೊಡ್ತೀನಿ ಸಾರ್. ಅವರಿಗೇನು, ಮೈ ಚಾಚೋಕೆ ಜಾಗ ಇದ್ರೆ ಸಾಕು" ಎಂದ. ಇಂಜಿನಿಯರು ಮಲಗಿದರು, ಬಾಗಿಲು ಹಾಕಿಸಿದರು. ಎಷ್ಟೋ ಹೊತ್ತಾದ ಮೇಲೆ ಕತ್ತಲೊಳಗಿಂದ ಅವರ ದನಿ ಬಂತು: "ನಾನು ಬೆಳೆದದ್ದು ಇಂಥದ್ದೇ ಕೋಣೇಲಿ. ನಮ್ಮಮ್ಮ ಹಾಸಿಗೆ ಹಿಡಿದಾಗ ಗಳಿಗೆಗೊಂದು ಸಲ 'ಬೆಳಗಾಯ್ತೇನಪ್ಪಾ?' ಅಂತ ಕೇಳೋಳು. ನಾನು ಬೀದಿಗೆ ಓಡಿ, ಆಕಾಶ ನೋಡ್ಕೊಂಡು ಬಂದು ಹೇಳ್ಬೇಕಿತ್ತು." ಮಾಲೀಕ ಆ ಎರಡಡಿ ದಪ್ಪದ ಗೋಡೆಗಳ ಮೇಲೆ ಕೈಯಾಡಿಸಿದ. ಆಮೇಲೆ ಮೆಲ್ಲಗೆ, "ಯಾವ ಗೋಡೆ ಒಡೆಸ್ಲಿ ಸಾರ್?" ಎಂದು ಕೇಳಿದ. "ಪೂರ್ವದ್ದು" ಎಂದರು ಇಂಜಿನಿಯರು.