ಬಲ್ಬಿನ ಪೆಟ್ಟಿಗೆ ಮತ್ತು ನೂಲಿನ ಕಸ

2005ರ ಆಗಸ್ಟ್ ಮೊದಲ ವಾರದಲ್ಲಿ ಬನಹಟ್ಟಿಯ ನಮ್ಮ ಮನೆಗೆ ಹನ್ನೆರಡು ಬಾತುಕೋಳಿ ಮರಿಗಳು ಬಂದವು. ತಂದುಕೊಟ್ಟವನು ನನ್ನ ನೆಗೆಣ್ಣಿಯ ಅಣ್ಣ. ಅವಳ ತವರು ಬೀಳಗಿ ಕಡೆಯ ಹೊಳೆದಂಡೆಯ ಊರು. ಅಣೆಕಟ್ಟಿನ ಹಿನ್ನೀರು ಏರಿದಾಗ ಆ ಊರನ್ನು ಎತ್ತರದ ಬಯಲಿಗೆ ಸಾಗಿಸಿದ್ದರು. ಅಲ್ಲಿ ಅವಳ ತಾಯಿ ಬಾತುಕೋಳಿ ಸಾಕಿದ್ದಳು. ನನ್ನ ಮೈದುನನನ್ನು ಮದುವೆಯಾಗಿ ಬಂದು ನಾಲ್ಕು ವರ್ಷವಾದರೂ ಅವಳಿಗೆ ಮಕ್ಕಳಾಗಿರಲಿಲ್ಲ. ಕೈಗೊಂದು ಕೆಲಸ ಇರಲಿ ಎಂದು ಅಣ್ಣ ಮರಿ ತಂದಿದ್ದ.

ನಮ್ಮದು ಬೀರೇಶ್ವರನ ಒಕ್ಕಲು, ಕುರಿ ಕಾಯುವ ಮನೆತನ. ಮಾವನ ಕಾಲಕ್ಕೇ ಕುರಿ ಮಾರಿಯಾಗಿತ್ತು. ನನ್ನ ಗಂಡ ಸಮೀರವಾಡಿಯ ಸಕ್ಕರೆ ಕಾರ್ಖಾನೆಯಲ್ಲಿ ನೌಕರಿಗಿದ್ದರು, ಮೈದುನ ಊರಲ್ಲೇ ಪವರ್‌ಲೂಮ್ ಶೆಡ್ಡಿಗೆ ಹೋಗುತ್ತಿದ್ದ. ನಾನು ಜಮಖಂಡಿಯ ಒಂದು ಸಣ್ಣ ಪತ್ರಿಕೆಯಲ್ಲಿ ವರದಿ ತಿದ್ದುವ, ಬರೆಯುವ ಕೆಲಸದಲ್ಲಿದ್ದೆ. ಬೆಳಿಗ್ಗೆ ಬಸ್ಸು ಹಿಡಿದರೆ ತಿರುಗಿ ಮನೆ ಸೇರುವಾಗ ದೀಪ ಹಚ್ಚುವ ಹೊತ್ತು. ಅಷ್ಟು ಹೊತ್ತು ನನ್ನ ಮಗಳು ನೆಗೆಣ್ಣಿಯ ಜೊತೆಗಿರುತ್ತಿದ್ದಳು. ಮಗಳಿಗೆ ಆಗ ಹತ್ತು ವರ್ಷ. ನೆಗೆಣ್ಣಿಯನ್ನು ಚಿಗವ್ವ ಎಂದು ಕರೆಯುತ್ತಿದ್ದಳು.

ಮರಿಗಳಿಗೆ ತಾಯಿ ಇರಲಿಲ್ಲ. ಕಾವು ಕೊಡಲು ಮೈದುನ ನೂಲಿನ ಬಂಡಲು ಬರುವ ಕಟ್ಟಿಗೆಯ ಪೆಟ್ಟಿಗೆಯೊಂದನ್ನು ಶೆಡ್ಡಿನಿಂದ ಹೊತ್ತು ತಂದ. ಮೇಲೊಂದು ಬಲ್ಬು ಇಳಿಬಿಟ್ಟರು. ಪಶು ಆಸ್ಪತ್ರೆಯವರು ಅದಕ್ಕೆ ಬ್ರೂಡರ್ ಎನ್ನುತ್ತಾರೆ, ನಮ್ಮ ಮನೆಯಲ್ಲಿ ಬಲ್ಬಿನ ಪೆಟ್ಟಿಗೆ ಎಂದೇ ಹೆಸರಾಯಿತು. ಹಿಂದೆ ಕುರಿಮರಿ ಹುಟ್ಟಿದಾಗ ಹಚ್ಚುತ್ತಿದ್ದಂತೆ ಅತ್ತೆ ಪೆಟ್ಟಿಗೆಯ ನಾಲ್ಕೂ ಮೂಲೆಗೆ ಭಂಡಾರ ಹಚ್ಚಿದರು. ಅರಿಶಿನದ ಆ ಪುಡಿ ಮರಿಗಳ ಮೈಬಣ್ಣದ ಜೊತೆ ಬೆರೆತು ಕಾಣದಾಯಿತು.

ಬಾತುಕೋಳಿ ಮರಿ ಸಾಕುವುದರಲ್ಲಿ ಹೆಚ್ಚಿನ ಕೆಲಸ ನೀರಿನದು. ಒಂದು ಬಾಯಿ ತಿಂದರೆ ಒಂದು ಬಾಯಿ ನೀರು, ಆಮೇಲೆ ಕೊಕ್ಕು ಕೊಡವಿ ಸುತ್ತಲೂ ಸಿಡಿಸುವುದು, ಬಟ್ಟಲಲ್ಲೇ ಇಳಿದು ನಿಲ್ಲುವುದು. ಒಂದು ಮಧ್ಯಾಹ್ನ ಬಿಟ್ಟರೆ ಹಾಸಿಗೆ ಕೆಸರು. ಕೆಸರಾದರೆ ಮರಿಗೆ ಚಳಿ, ಬೂಸಿನಿಂದ ಉಸಿರಿನ ರೋಗ. ನೆಗೆಣ್ಣಿ ಹಳೆಯ ಜರಡಿಯನ್ನು ಪರಾತದ ಮೇಲೆ ಬೋರಲಿಟ್ಟು ಅದರ ಮೇಲೆ ನೀರಿನ ಬಟ್ಟಲು ಇಡುತ್ತಿದ್ದಳು. ಚೆಲ್ಲಿದ ನೀರು ಪರಾತಕ್ಕೆ ಇಳಿಯುತ್ತಿತ್ತು. ತಳಕ್ಕೆ ಗೋಣಿತಟ್ಟು, ಅದರ ಮೇಲೆ ಶೇಂಗಾ ಸಿಪ್ಪೆ. ತೊಯ್ದ ಸಿಪ್ಪೆಯನ್ನು ಬೆಳಿಗ್ಗೆ ಸಂಜೆ ತೆಗೆದು ತಿಪ್ಪೆಗೆ ಹಾಕಿ ಒಣಗಿದ್ದನ್ನು ಹರಡುತ್ತಿದ್ದಳು.

ಈ ಕೆಲಸಕ್ಕೆ ಅವಳ ಜೊತೆಗಾರ್ತಿ ನನ್ನ ಮಗಳು. ಸಾಲಿಯಿಂದ ಬಂದವಳು ಪಾಟಿಚೀಲ ಎಸೆದು ಪೆಟ್ಟಿಗೆಯ ಮುಂದೆ ಮೊಣಕಾಲೂರುತ್ತಿದ್ದಳಂತೆ. ಇಬ್ಬರೂ ಪೆಟ್ಟಿಗೆಯೊಳಗೆ ತಲೆ ತೂರಿಸಿ, ಮರಿಗಳ ಎತ್ತರಕ್ಕೆ ಮೂಗಿಟ್ಟು ವಾಸನೆ ನೋಡುತ್ತಿದ್ದರು. ಮೂಗು ಚುರುಗುಟ್ಟಿದರೆ ಹಾಸಿಗೆ ಬದಲು. ಒಂದು ಸಂಜೆ ನಾನು ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಕಂಡದ್ದು ಇಷ್ಟೇ: ಪೆಟ್ಟಿಗೆಯ ಅಂಚಿನಿಂದ ಹೊರಗೆ ಇಳಿಬಿದ್ದ ಎರಡು ಜಡೆ, ಒಂದು ಉದ್ದ, ಒಂದು ಗಿಡ್ಡ. ಗಿಡ್ಡ ಜಡೆಯನ್ನು ಬೆಳಿಗ್ಗೆ ನಾನು ಹೆಣೆದಿದ್ದೆ, ರಿಬ್ಬನ್ ಬೇರೆಯಾಗಿತ್ತು. ಬಿಚ್ಚಿ ಮತ್ತೆ ಹೆಣೆದಿದ್ದರು.

ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಬೇರೆ ಪದ ಅದಕ್ಕೆ ಹೊಂದುವುದಿಲ್ಲ. ಜಮಖಂಡಿಯಿಂದ ನಾನು ತಂದ ಖಾರಿ ಬಿಸ್ಕೀಟಿನ ಪೊಟ್ಟಣವನ್ನು ಮಗಳು ಬಿಚ್ಚದೆ ಒಳಗೆ ಒಯ್ದು ಚಿಗವ್ವನ ಮುಂದೆ ಇಡುತ್ತಿದ್ದಳು. ಊಟಕ್ಕೆ ಕೂತಾಗ ಅವಳ ಮಾತು ಯಾವ ಮರಿ ಇನ್ನೊಂದರ ಮೇಲೆ ಹತ್ತಿ ಮಲಗಿತು, ಬಲ್ಬನ್ನು ಎಷ್ಟು ಮೇಲೆತ್ತಿದೆವು ಎಂಬುದರ ಸುತ್ತಲೇ. 'ಎತ್ತಿದೆವು' ಎನ್ನುವಾಗ ಅದರಲ್ಲಿ ನಾನಿಲ್ಲ. ಕಚೇರಿಯಲ್ಲಿ ಮಾರಾಟವಾಗದೆ ಉಳಿದ ಪತ್ರಿಕೆಗಳ ಕಟ್ಟೊಂದನ್ನು ನಾನು ಪೆಟ್ಟಿಗೆಗೆಂದೇ ಹೊತ್ತು ತಂದೆ. ಬರಿ ಕಾಗದದ ಮೇಲೆ ಮರಿಗಳ ಕಾಲು ಜಾರಿ ಸೊಟ್ಟಗಾಗುತ್ತವೆ ಎಂದು ನೆಗೆಣ್ಣಿ ಮೆಲ್ಲಗೆ ಹೇಳಿ ಅದನ್ನು ಗೋಣಿತಟ್ಟಿನ ಕೆಳಗೆ ಹಾಸಿದಳು. ಹಾಳೆಯೊಂದರಲ್ಲಿ ನಾನೇ ಬರೆದ ಕಬ್ಬಿನ ಗಾಡಿಗಳ ಸುದ್ದಿಯಿತ್ತು.

"ನಿನ್ನ ಸುದ್ದಿ ಮಂದಿ ಓದಲಿಲ್ಲಂದ್ರೂ ಬಾತುಕೋಳಿ ಓದತಾವು ತಗೊ," ಎಂದರು ಅತ್ತೆ. ಎಲ್ಲರೂ ನಕ್ಕರು. ಮಗಳು ಎಲ್ಲರಿಗಿಂತ ಹೆಚ್ಚು ನಕ್ಕಳು.

ಆ ತಿಂಗಳ ಮಧ್ಯದಲ್ಲಿ ಮಳೆ ಹಿಡಿಯಿತು. ಅಂಗಳದ ಮೂಲೆಯಲ್ಲಿ ತಾಡಪತ್ರಿ ಮುಚ್ಚಿಟ್ಟಿದ್ದ ಶೇಂಗಾ ಸಿಪ್ಪೆಗೂ ಥಂಡಿ ಹತ್ತಿ ಬೂಸು ಬಂತು. ಬೂಸು ಹಿಡಿದ ಸಿಪ್ಪೆ ಬೇಡ, ಬೇರೆ ಏನಾದರೂ ಬೇಕು. ನೆಗೆಣ್ಣಿ ಮೈದುನನಿಗೆ ಹೇಳಿ ಶೆಡ್ಡಿನಿಂದ ನೂಲಿನ ಕಸ ತರಿಸಿದಳು. ಮಗ್ಗದ ಕೆಳಗೆ ಬಿದ್ದ ತುಂಡು ನೂಲನ್ನು ಗುಡಿಸಿ ಚೀಲ ತುಂಬಿಡುತ್ತಾರೆ. ಬನಹಟ್ಟಿಯಲ್ಲಿ ಆ ಕಸ ಇಲ್ಲದ ಮನೆಯಿಲ್ಲ. ಎಣ್ಣೆ ಕೈ ಒರೆಸುವುದು ಅದರಿಂದ, ದಿಂಬು ತುಂಬುವುದು ಅದರಿಂದ, ಸೋರುವ ಕಿಟಕಿಯ ಸಂದಿಗೆ ತುರುಕುವುದೂ ಅದನ್ನೇ. ಮನೆಯಲ್ಲಿ ಏನು ತೊಯ್ದರೂ ಕೈ ಮೊದಲು ಹೋಗುವುದು ಆ ಚೀಲಕ್ಕೆ. ಬೆಳ್ಳಗೆ, ಮೆತ್ತಗೆ, ನೀರು ಬಿದ್ದ ಕೂಡಲೇ ಹೀರುತ್ತದೆ. ಪೆಟ್ಟಿಗೆ ಹಿಂದೆಂದೂ ಅಷ್ಟು ಒಣಗಿರಲಿಲ್ಲ, ಅಷ್ಟು ಚಂದವೂ ಕಂಡಿರಲಿಲ್ಲ.

ಸಂಜೆ ಬಂದು ನೋಡಿದ ನಾನು ನೂಲು ಮರಿಗಳ ಕಾಲಿಗೆ ಸುತ್ತಿಕೊಳ್ಳುತ್ತದೆ, ಅದನ್ನು ತೆಗೆದು ಬಿಡುವುದು ಒಳ್ಳೆಯದು ಎಂದೆ. ಮರಿಗಳು ಸುಮ್ಮನೆ ಕೂರುವವಲ್ಲ, ಇಡೀ ದಿನ ತುಳಿದಾಡುತ್ತವೆ ಎಂದೂ ಹೇಳಿದೆ. ಮೈದುನ ಅದೆಲ್ಲ ತುಂಡು ನೂಲು, ಉದ್ದ ಎಳೆ ಇರುವುದಿಲ್ಲ ಎಂದ. ನೆಗೆಣ್ಣಿ ನನ್ನ ಮುಖ ನೋಡಿ, ಹಿಂದೆ ಸರಿದು ನಿಂತಳು.

"ತೆಗೀಲೇನ್ರಿ ಅಕ್ಕಾ?" ಎಂದು ಕೇಳಿದಳು.

ಉತ್ತರ ಕೊಟ್ಟದ್ದು ಮಗಳು. "ತೆಗೀಬ್ಯಾಡ ಚಿಗವ್ವ. ಅವ್ವಗ ನೀ ಏನ ಮಾಡಿದ್ರೂ ಛಲೋ ಅನಸಂಗಿಲ್ಲ."

ಯಾರೂ ಅವಳನ್ನು ಗದರಲಿಲ್ಲ. ಗದರದೆ ಇದ್ದುದರಿಂದಲೇ ಆ ಮಾತು ಮನೆಯಲ್ಲಿ ಎಲ್ಲರಿಗೂ ಮೊದಲೇ ಗೊತ್ತಿತ್ತು ಎಂದು ನನಗೆ ತಿಳಿಯಿತು. ನೂಲಿನ ಬಗ್ಗೆ ನಾನು ಹೇಳಿದ್ದು ನೂಲಿನ ಬಗ್ಗೆಯೇ ಆಗಿತ್ತು. ಆದರೆ ಅದನ್ನು ಹೇಳಿದವಳು ನಾನು. ನಾನು ಮತ್ತೆ ಹೇಳಿದೆ, ಈ ಸಲ ಇನ್ನಷ್ಟು ಬಿರುಸಾಗಿ. ಮೈದುನ ಎದ್ದು ಹೊರಗೆ ಹೋದ. ನೂಲು ಪೆಟ್ಟಿಗೆಯಲ್ಲೇ ಉಳಿಯಿತು.

ಎರಡು ದಿನದ ಮೇಲೆ ಭಾನುವಾರ. ನನಗೆ ರಜೆ. ಮಧ್ಯಾಹ್ನ ಮಳೆ ಜೋರಾಗಿ ಕರೆಂಟು ಹೋಯಿತು. ಬಲ್ಬು ಆರಿದ ಕೂಡಲೇ ಮರಿಗಳು ಬೆಚ್ಚಗಿರಲು ಒಂದು ಮೂಲೆಗೆ ಒತ್ತಿಕೊಂಡವು. ಅವು ಒಂದರ ಮೇಲೊಂದು ಹತ್ತುತ್ತಿದ್ದಾಗ ಚೀರಾಟ ಕೇಳಿತು. ನೆಗೆಣ್ಣಿ ಕೈ ಹಾಕಿ ಒಂದನ್ನು ಎತ್ತಿದಳು. ಅದರ ಜೊತೆಗೆ ಇನ್ನೆರಡು ಮೇಲೆದ್ದು ಬಂದವು. ತುಂಡು ನೂಲುಗಳು ತುಳಿತಕ್ಕೆ ಹೊಸೆದುಕೊಂಡು ಉದ್ದ ಎಳೆಯಾಗಿದ್ದವು, ಆ ಎಳೆ ಮೂರೂ ಮರಿಗಳ ಕಾಲಿಗೆ ಬಿಗಿದಿತ್ತು. ಉಳಿದವುಗಳಲ್ಲೂ ನಾಲ್ಕಾರಕ್ಕೆ ಸುತ್ತಿತ್ತು.

ಪಡಸಾಲೆಯ ಬಾಗಿಲ ಬೆಳಕಿಗೆ ಕೂತೆವು. ಅತ್ತೆ ತಮ್ಮ ಕಂಬಳಿ ಹಾಸಿ ಬಿಡಿಸಿದ ಮರಿಗಳನ್ನು ಅದರೊಳಗೆ ಮುಚ್ಚಿಡುತ್ತಿದ್ದರು. ಮಗಳು ಒಂದೊಂದನ್ನೇ ತೊಡೆಯ ಮೇಲೆ ಹಿಡಿದಳು, ನೆಗೆಣ್ಣಿ ಕಾಲನ್ನು ಚಾಚಿ ಹಿಡಿದಳು, ನಾನು ಕತ್ತರಿಸಿದೆ. ಮಗ್ಗದವರ ಚಿಕ್ಕ ಕತ್ತರಿ. ಬೆರಳ ನಡುವಿನ ತೆಳು ಚರ್ಮ ಕೊಯ್ಯದ ಹಾಗೆ ಎಳೆಯ ಅಡಿಗೆ ಅದರ ತುದಿ ತೂರಿಸಬೇಕಿತ್ತು. ನೆಗೆಣ್ಣಿಯ ಕಣ್ಣೀರು ನನ್ನ ಕೈಮೇಲೆ ಬೀಳುತ್ತಿತ್ತು. ಒಂದು ಮರಿಯ ಎಡಗಾಲು ಊದಿ ಕಪ್ಪಾಗಿತ್ತು. ಅದರ ಎಳೆ ಬಿಡಿಸುವಾಗ ಮಗಳು ನನ್ನ ಕಡೆ ತಲೆಯೆತ್ತಿದಳು.

"ನಾ ಹೇಳಿದ್ದ ಖರೆ ಆತು ಅಂತ ಈಗ ಅನಬ್ಯಾಡ," ಎಂದಳು.

ನಾನು ಹಾಗೆ ಅಂದಿರಲಿಲ್ಲ. ಎಳೆಯ ಅಡಿಗೆ ಕತ್ತರಿ ತೂರಿಸಿದೆ.

ಕೆಲಸ ಮುಗಿದಾಗ ನೆಗೆಣ್ಣಿ ಎದ್ದು ಹಿತ್ತಲಿಗೆ ಹೋದಳು. ಮಗಳು ಅವಳ ಹಿಂದೆಯೇ ಹೋದಳು. ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಒಗೆಯುವ ಕಲ್ಲಿನ ಮೇಲೆ ನೆಗೆಣ್ಣಿ ಕೂತಿದ್ದಳು, ಮಗಳು ನಿಂತೇ ಅವಳ ತಲೆಯನ್ನು ತನ್ನ ಎದೆಗೆ ಒತ್ತಿ ಹಿಡಿದಿದ್ದಳು. ಹತ್ತು ವರ್ಷದ ಹುಡುಗಿ ಹಾಗೆ ಹಿಡಿಯುವುದನ್ನು ಎಲ್ಲಿ ಕಲಿತಳೋ ಗೊತ್ತಿಲ್ಲ. ನನ್ನನ್ನು ಅವಳು ಹಾಗೆ ಹಿಡಿದಿರಲಿಲ್ಲ. ನನ್ನ ಮಾತು ನಿಜವಾದ ಮೇಲೆ ಮಗಳು ನನ್ನ ಕಡೆ ಬರುತ್ತಾಳೆ ಎಂದು ಹಿಂದಿನ ದಿನ ಬಸ್ಸಿನಲ್ಲಿ ಕೂತು ಎಣಿಸಿದ್ದೆ. ನಿಜ ಹೇಳಿದವಳಿಗೆ ಸಮಾಧಾನದ ಅಗತ್ಯವಿರಲಿಲ್ಲ. ಅದು ಬೇಕಿದ್ದದ್ದು ತಪ್ಪಿದವಳಿಗೆ.

ಪಡಸಾಲೆಗೆ ಬಂದು ನೂಲನ್ನೆಲ್ಲ ಬಾಚಿ ತೆಗೆದೆ. ಹಲಗೆ ಒರೆಸಿ, ಅಟ್ಟದ ಮೇಲಿದ್ದ ಕಣಿಕೆಯನ್ನು, ಒಣಗಿದ ಜೋಳದ ದಂಟನ್ನು, ಇಳಿಸಿ ಸಣ್ಣಗೆ ಕೊಚ್ಚಿ ಹಾಸಿದೆ. ಬಗ್ಗಿ, ಮರಿಗಳ ಎತ್ತರಕ್ಕೆ ಮೂಗಿಟ್ಟು ನೋಡಿದೆ. ಕಣಿಕೆಯ ವಾಸನೆ ಬಿಟ್ಟು ಬೇರೆ ಇರಲಿಲ್ಲ. ಅತ್ತೆ ಕಂಬಳಿಯಿಂದ ಮರಿಗಳನ್ನು ತೆಗೆದು ಒಂದೊಂದಾಗಿ ನನ್ನ ಕೈಗೆ ಕೊಟ್ಟರು.

"ಅಕಿಗೆ ಇದ್ದದ್ದ ಇದೊಂದು," ಎಂದರು ಅವರು. "ನಿನಗ ನೌಕರಿ ಐತಿ, ಗಂಡಸ್ರ ಜೋಡಿ ಮಾತಾಡು ಬಾಯಿ ಐತಿ. ಹುಡುಗಿ ಎಲ್ಲಿಗೂ ಹೋಗಂಗಿಲ್ಲ ಬಿಡು."

ಊದಿದ ಕಾಲಿನ ಮರಿ ಬದುಕಿತು. ಆದರೆ ಕುಂಟುತ್ತಿತ್ತು. ಮಗಳು ಅದನ್ನು ತನ್ನದು ಎಂದಳು. ಮಳೆ ನಿಂತ ಮೇಲೆ ಹೊಸ ಶೇಂಗಾ ಸಿಪ್ಪೆ ಬಂತು, ಪೆಟ್ಟಿಗೆಯ ಕೆಲಸ ಮೊದಲಿನಂತೆ ಅವರಿಬ್ಬರದೇ ಆಯಿತು. ನೂಲಿನ ವಿಷಯ ಮನೆಯಲ್ಲಿ ಮತ್ತೆ ಯಾರೂ ಎತ್ತಲಿಲ್ಲ.

2009ರಲ್ಲಿ ಅಣ್ಣತಮ್ಮಂದಿರು ಬೇರೆಯಾದರು. ಮೈದುನ ಚಿಮ್ಮಡ ರಸ್ತೆಯಲ್ಲಿ ಮನೆ ಕಟ್ಟಿಸಿದ. ಸಾಮಾನು ಸಾಗಿಸಿದ ದಿನ ಮಗಳು ಟೆಂಪೋದಲ್ಲಿ ಬಾತುಕೋಳಿಗಳ ಬುಟ್ಟಿ ಹಿಡಿದು ಅವರ ಜೊತೆ ಹೋಗಿ, ಮೂರು ದಿನ ಅಲ್ಲೇ ಉಳಿದಳು. ಮರುವರ್ಷ ನೆಗೆಣ್ಣಿಗೆ ಗಂಡು ಮಗು ಹುಟ್ಟಿತು. ಇನ್ನು ಮಗಳು ನನ್ನ ಕಡೆ ತಿರುಗುತ್ತಾಳೆ ಎಂದುಕೊಂಡೆ. ಅವಳು ಕೂಸನ್ನು ಎತ್ತಿಕೊಳ್ಳಲು ಮೊದಲಿಗಿಂತ ಹೆಚ್ಚಾಗಿ ಅಲ್ಲಿಗೆ ಹೋಗತೊಡಗಿದಳು.

ಮಗಳು ಈಗ ಬೀಳಗಿಯ ಒಂದು ಶಾಲೆಯಲ್ಲಿ ಶಿಕ್ಷಕಿ. ತಿಂಗಳಿಗೊಮ್ಮೆ ಶನಿವಾರ ಊರಿಗೆ ಬರುತ್ತಾಳೆ. ಕಳೆದ ಶನಿವಾರ ಮಧ್ಯಾಹ್ನ ಬಸ್ಸಿಳಿದು ಚಿಮ್ಮಡ ರಸ್ತೆಯ ಆಟೋ ಹತ್ತಿದಳು. ನಮ್ಮ ಮನೆಗೆ ಬಂದಾಗ ಸಂಜೆ ಏಳು ಗಂಟೆ. ಊಟ ಅಲ್ಲೇ ಆಗಿತ್ತು.